ಡಿ.ಡಿ. ಕೊಸಾಂಬಿ: ನಾಣ್ಯ ತೂಗಿ ಸಮಾಜ ಓದಿದ ಗಣಿತಜ್ಞನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪುಣೆಯಲ್ಲಿ ಬಹಳ ವರ್ಷ ಸಂಖ್ಯಾಶಾಸ್ತ್ರ ಕಲಿಸಿದವನು. ಹುಟ್ಟೂರು ಧಾರವಾಡದ ಕಡೆ. ಇಲ್ಲಿಯ ನಾಲ್ಕೈದು ಕನ್ನಡ ಮನೆಯವರು ಸೇರಿ ಭಾನುವಾರ ಬೆಳಿಗ್ಗೆ ಗುಡ್ಡ ಹತ್ತುತ್ತೇವೆ. ದಾರಿಯಲ್ಲಿ ಕೊಸಾಂಬಿಯವರ ಮಾತು ಬಂದೇ ಬರುತ್ತದೆ, ಏಕೆಂದರೆ ಅವರೂ ಇದೇ ಗುಡ್ಡಗಳಲ್ಲಿ ಓಡಾಡಿದವರು. ಆಗ ಕೇಳಿದ ಪ್ರಶ್ನೆಗಳು, ಆಮೇಲೆ ಮುಂಬೈ ಮತ್ತು ಗೋವಾದ ಗೆಳೆಯರು ಪತ್ರ ಬರೆದು ಕೇಳಿದವು, ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ.

## ಮೊದಲ ಪರಿಚಯ

ಸರ್, ಈ ಕೊಸಾಂಬಿ ಅಂದ್ರೆ ಯಾರು? ಚಿಕ್ಕದಾಗಿ ಹೇಳಿ.

ದಾಮೋದರ ಧರ್ಮಾನಂದ ಕೊಸಾಂಬಿ. 1907ರ ಜುಲೈ 31ರಂದು ಗೋವಾದ ಕೋಸ್ಬೆನ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಬದುಕಿನ ಹೆಚ್ಚಿನ ಭಾಗ ಪುಣೆಯಲ್ಲಿ ಇದ್ದರು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಸುಮಾರು ಹದಿನಾರು ವರ್ಷ ಗಣಿತದ ಕೆಲಸ ಮಾಡಿದರು. 1966ರ ಜೂನ್ 29ರಂದು ಪುಣೆಯಲ್ಲೇ ತೀರಿಕೊಂಡರು. ಕಸುಬು ಗಣಿತ. ಆದರೆ ನಮ್ಮ ಸಮಾಜ ಹೇಗೆ ಕಟ್ಟಿಕೊಂಡಿತು ಎಂದು ಅವರು ಹುಡುಕಿದ ರೀತಿಗೆ ಜನ ಅವರನ್ನು ಹೆಚ್ಚು ನೆನೆಯುತ್ತಾರೆ.

ಅವರು ಇತಿಹಾಸಕಾರ ಅಲ್ವಾ? ನೀವು ಗಣಿತದ ಸಮಾಜಶಾಸ್ತ್ರಜ್ಞ ಅಂತೀರಲ್ಲ?

ಅವರು ತಮ್ಮನ್ನು ಹಾಗೆ ಕರೆದುಕೊಂಡಿರಲಿಲ್ಲ. ಆ ಹೆಸರು ನೆಲೆಯಾದದ್ದೇ ತಡವಾಗಿ. ಅಮೆರಿಕದ ಜೇಮ್ಸ್ ಕೋಲ್ಮನ್ ಗಣಿತೀಯ ಸಮಾಜಶಾಸ್ತ್ರದ ಪರಿಚಯ ಗ್ರಂಥ ತಂದದ್ದು 1964ರಲ್ಲಿ. ಅದಕ್ಕೇ ಮೀಸಲಾದ ಪತ್ರಿಕೆ ಶುರುವಾದದ್ದು 1971ರಲ್ಲಿ. ಆ ಹೊತ್ತಿಗೆ ಕೊಸಾಂಬಿ ಇರಲಿಲ್ಲ.

ಆದರೂ ನಾನು ಹಾಗೆ ಕರೆಯುತ್ತೇನೆ. ಒಬ್ಬೊಬ್ಬ ಮನುಷ್ಯ ಏನು ಮಾಡುತ್ತಾನೆ ಎಂದು ಹೇಳಲು ಬರುವುದಿಲ್ಲ. ಸಾವಿರಾರು ಜನ ಸೇರಿ ಮಾಡುವುದಕ್ಕೆ ಮಾತ್ರ ಒಂದು ಲೆಕ್ಕ ಸಿಗುತ್ತದೆ. ಈ ಮಾತನ್ನು ನಂಬಿ ನಡೆದವರು ಅವರು. ಎಸ್. ರಾಘವಾಚಾರಿ ಅವರ ಜೊತೆ ಸೇರಿ ಭಾರತದಲ್ಲಿ ಯಾವ ತಿಂಗಳಲ್ಲಿ ಹುಟ್ಟು ಜಾಸ್ತಿ, ಯಾವ ತಿಂಗಳಲ್ಲಿ ಕಡಿಮೆ ಎಂದು ಪರಿಶೀಲಿಸಿ 1951ರಲ್ಲಿ ಒಂದು ಪ್ರಬಂಧ ಬರೆದರು. ಸಾವಿನ ಲೆಕ್ಕದ ಮೇಲೆ 1954ರಲ್ಲಿ ಇನ್ನೊಂದು. ರಾಜರ ಹೆಸರು ಪಟ್ಟಿ ಮಾಡುವ ಇತಿಹಾಸಕಾರ ಇಂಥ ಕೆಲಸಕ್ಕೆ ಕೈ ಹಾಕುವುದಿಲ್ಲ.

ಧರ್ಮಾನಂದ ಕೊಸಾಂಬಿ ಅಂತ ಬೌದ್ಧ ಪಂಡಿತರೊಬ್ಬರು ಇದ್ದರಲ್ಲ, ಅವರೇನಾ?

ಅವರು ತಂದೆ. ಗೋವಾದ ಹಳ್ಳಿಯಿಂದ ಹೊರಟು, ನೇಪಾಳ, ಸಿಂಹಳ, ಬರ್ಮಾ ಸುತ್ತಿ ಪಾಲಿ ಭಾಷೆ ಕಲಿತು ಬಂದ ದೊಡ್ಡ ವಿದ್ವಾಂಸರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಲಿ ಕಲಿಸುತ್ತಿದ್ದರು. ಮಗನ ಕಥೆ ಹೇಳುವಾಗ ಅಪ್ಪನ ಕಥೆಯೂ ನೆನಪಿರಲಿ. ಅಲೆಯುತ್ತಾ ಕಲಿಯುವುದು ಆ ಮನೆಯಲ್ಲಿ ಮೊದಲೇ ಇತ್ತು. ದಾಮೋದರರ ಮಗಳು ಮೀರಾ ಕೊಸಾಂಬಿ ಕೂಡ ಹೆಸರಾಂತ ಸಮಾಜಶಾಸ್ತ್ರಜ್ಞೆ.

## ಬದುಕು, ನೌಕರಿ, ರೈಲು

ಅಮೆರಿಕದಲ್ಲಿ ಓದಿದವರು ವಾಪಸ್ ಯಾಕೆ ಬಂದರು?

1918ರಲ್ಲಿ, ಹನ್ನೊಂದರ ವಯಸ್ಸಿಗೆ, ತಂದೆಯ ಜೊತೆ ಅಮೆರಿಕಕ್ಕೆ ಹೋದರು. ತಂದೆಗೆ ಹಾರ್ವರ್ಡ್‌ನಲ್ಲಿ ಗ್ರಂಥ ಸಂಪಾದನೆಯ ಕೆಲಸ ಇತ್ತು. ಮಗನೂ ಮುಂದೆ ಅಲ್ಲೇ ಓದಿ 1929ರಲ್ಲಿ ಅತ್ಯುನ್ನತ ದರ್ಜೆಯಲ್ಲಿ ಪದವಿ ಪಡೆದರು. ಅದೇ ವರ್ಷ ಭಾರತಕ್ಕೆ ಬಂದು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಕಲಿಸಲು ಕೂತರು. ಅಮೆರಿಕದಲ್ಲಿ ಆರ್ಥಿಕ ಕುಸಿತ ಶುರುವಾದ ವರ್ಷವೂ ಅದೇ. ಆಮೇಲೆ ಅಲಿಗಢ, ಆಮೇಲೆ ಪುಣೆಯ ಫರ್ಗ್ಯುಸನ್ ಕಾಲೇಜು. ತಂದೆ ಪಾಲಿ ಕಲಿಸಿದ ಕಾಲೇಜಿನಲ್ಲೇ ಮಗ ಹನ್ನೆರಡು ವರ್ಷದಷ್ಟು ಗಣಿತ ಕಲಿಸಿದರು.

ಬೂರ್ಬಾಕಿ ಅನ್ನೋ ಹೆಸರಿಗೂ ಇವರಿಗೂ ಏನು ನಂಟು?

ಗಣಿತ ಓದುವ ಹುಡುಗರು ಇದನ್ನು ತಪ್ಪದೆ ಕೇಳುತ್ತಾರೆ. ಬೂರ್ಬಾಕಿ ಎನ್ನುವುದು ಫ್ರಾನ್ಸಿನ ಗಣಿತಜ್ಞರ ಗುಂಪೊಂದು ಇಟ್ಟುಕೊಂಡ ಕಲ್ಪಿತ ಹೆಸರು. ಗುಂಪು ಕೂಡಿದ್ದು 1930ರ ದಶಕದ ನಡುವೆ. ಅದಕ್ಕೂ ಮೊದಲೇ, ಅಲಿಗಢದಲ್ಲಿದ್ದ ಫ್ರೆಂಚ್ ಗಣಿತಜ್ಞ ಆಂದ್ರೆ ವೇಯ್ ಅವರ ಸಲಹೆಯಂತೆ, ಕೊಸಾಂಬಿ ತಮ್ಮ ಒಂದು ಪ್ರಬಂಧದಲ್ಲಿ ಡಿ. ಬೂರ್ಬಾಕಿ ಎಂಬ ಇಲ್ಲದ ರಷ್ಯನ್ ಗಣಿತಜ್ಞನನ್ನು ಸೃಷ್ಟಿಸಿದ್ದರು. ಅಚ್ಚಾದ ಗಣಿತ ಪ್ರಬಂಧದ ಶೀರ್ಷಿಕೆಯಲ್ಲಿ ಆ ಹೆಸರು ಮೊದಲು ಕಂಡದ್ದು ಅಲ್ಲೇ.

ದಿನಾ ಪುಣೆಯಿಂದ ಮುಂಬೈಗೆ ಹೋಗಿ ಬರುತ್ತಿದ್ದರಂತೆ, ನಿಜಾನಾ?

ನಿಜ. 1945ರಲ್ಲಿ ವಿಜ್ಞಾನಿ ಹೋಮಿ ಭಾಭಾ ಕೊಸಾಂಬಿಯವರನ್ನು ಹೊಸ ಟಾಟಾ ಸಂಸ್ಥೆಗೆ ಕರೆದರು. ಕೊಸಾಂಬಿ ಪುಣೆಯ ಮನೆ ಬಿಡಲಿಲ್ಲ. ಡೆಕ್ಕನ್ ಕ್ವೀನ್ ಹತ್ತಿ ಹೋಗಿ ಅದರಲ್ಲೇ ಮರಳುತ್ತಿದ್ದರು. ಒಂದು ದಿಕ್ಕಿಗೆ 192 ಕಿಲೋಮೀಟರ್, ಮಧ್ಯೆ ಬೋರ್ ಘಾಟ್. ಇವತ್ತಿಗೂ ಪುಣೆಯ ಎಷ್ಟೋ ಕನ್ನಡಿಗರು ಪಾಸ್ ಮಾಡಿಸಿಕೊಂಡು ಇದೇ ದಾರಿಯಲ್ಲಿ ಓಡಾಡುತ್ತಾರೆ. ಅವರಿಗೆ ನಾನು ಒಂದು ಮಾತು ಹೇಳುತ್ತಿರುತ್ತೇನೆ: ಲೋಣಾವಳದ ಆಚೀಚೆ ಕಿಟಕಿಯಿಂದ ಗುಡ್ಡಗಳ ಕಡೆ ನೋಡಿ. ಕಾರ್ಲೆ, ಭಾಜೆ, ಬೇಡಸೆ ಗುಹೆಗಳು ಅಲ್ಲೇ ಇವೆ. ಕರಾವಳಿಯಿಂದ ಘಟ್ಟ ಹತ್ತಿ ಬರುವ ಸರಕಿನ ದಾರಿಯ ಮಗ್ಗುಲಲ್ಲೇ ಬೌದ್ಧರು ವಿಹಾರ ಕೊರೆದದ್ದು ಯಾಕೆ? ಭಿಕ್ಷುಗಳಿಗೂ ವ್ಯಾಪಾರಿಗಳಿಗೂ ಇದ್ದ ನಂಟಿನ ಬಗ್ಗೆ ಕೊಸಾಂಬಿ ಬಹಳ ಬರೆದಿದ್ದಾರೆ. ದಾನ ಕೊಟ್ಟವರ ಹೆಸರುಗಳು ಕಾರ್ಲೆಯ ಕಂಬಗಳ ಮೇಲೆ ಇನ್ನೂ ಇವೆ.

## ಅಂಕಿ ಹಿಡಿದು ಮಾಡಿದ ಕೆಲಸ

ಹಳೇ ನಾಣ್ಯ ತೂಗಿ ಇತಿಹಾಸ ಹೇಳೋದು ಹೇಗೆ ಸಾಧ್ಯ?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ನನಗೆ ಹೇಳಲು ಅತಿ ಇಷ್ಟವಾದದ್ದೂ ಇದೇ.

ನಮ್ಮ ದೇಶದ ಅತಿ ಹಳೆಯ ನಾಣ್ಯಗಳು ಬೆಳ್ಳಿಯವು. ಅವುಗಳ ಮೇಲೆ ರಾಜನ ಹೆಸರಿಲ್ಲ, ಇಸವಿ ಇಲ್ಲ. ಮುಂಭಾಗದಲ್ಲಿ ಐದು ಮುದ್ರೆ ಒತ್ತಿರುತ್ತಾರೆ: ಸೂರ್ಯ, ಆನೆ, ಗುಡ್ಡ, ಹೀಗೆ. ಕಾರ್ಷಾಪಣ ಎನ್ನುವ ಈ ನಾಣ್ಯದ ತೂಕ ಸುಮಾರು 3.4 ಗ್ರಾಂ. ಮುದ್ರೆಗಳಿಗೆ ಒಬ್ಬೊಬ್ಬ ವಿದ್ವಾಂಸರು ಒಂದೊಂದು ಅರ್ಥ ಹೇಳುತ್ತಿದ್ದರು. ಯಾವುದು ಮೊದಲು, ಯಾವುದು ಆಮೇಲೆ ಎಂದು ತೀರ್ಮಾನಿಸುವ ದಾರಿ ಇರಲಿಲ್ಲ.

ಕೊಸಾಂಬಿ ಅರ್ಥದ ಜಗಳಕ್ಕೆ ಹೋಗಲಿಲ್ಲ. ತಕ್ಕಡಿ ತಂದರು.

ನಾಣ್ಯ ಕೈಯಿಂದ ಕೈಗೆ ಹೋಗುತ್ತದೆ. ಪ್ರತಿ ಸಲವೂ ಕಣ್ಣಿಗೆ ಕಾಣದಷ್ಟು ಬೆಳ್ಳಿ ಸವೆಯುತ್ತದೆ. ಒಂದು ನಾಣ್ಯ ಎಷ್ಟು ಸವೆಯಿತು ಎನ್ನುವುದು ಅದರ ಹಣೆಬರಹ. ಒಂದು ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಬಿದ್ದಿರಬಹುದು, ಸಂತೆಯಿಂದ ಸಂತೆಗೆ ಓಡಿರಬಹುದು. ಆದರೆ ಒಟ್ಟಿಗೆ ಟಂಕಿಸಿದ ನೂರು ನಾಣ್ಯ ತೆಗೆದುಕೊಂಡರೆ ಎರಡು ಸಂಗತಿ ಖಚಿತ. ಕಾಲ ಕಳೆದಂತೆ ಸರಾಸರಿ ತೂಕ ಒಂದೇ ಸಮನೆ ಇಳಿಯುತ್ತದೆ. ಜೊತೆಗೆ ನಾಣ್ಯ ನಾಣ್ಯದ ನಡುವಿನ ವ್ಯತ್ಯಾಸ ಹರಡಿಕೊಳ್ಳುತ್ತದೆ. ಮೊದಲಲ್ಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ ತೂಕ, ಕೊನೆಗೆ ಒಂದೊಂದು ಒಂದೊಂದು ತರಹ.

ಇದು ಬರೀ ಊಹೆ ಆಗಬಾರದು ಎಂದು ತಮ್ಮ ಕಾಲದಲ್ಲಿ ಚಲಾವಣೆಯಲ್ಲಿದ್ದ ನಾಣ್ಯಗಳನ್ನೇ ಮೊದಲು ತೂಗಿ ನೋಡಿದರು. ಅವುಗಳ ಮೇಲೆ ಇಸವಿ ಇರುತ್ತದಲ್ಲ, ಸವೆತದ ನಿಯಮ ಸರಿಯೋ ತಪ್ಪೋ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ತಕ್ಷಶಿಲೆಯಲ್ಲಿ ಸಿಕ್ಕ ನಿಧಿಯ ನಾಣ್ಯಗಳಿಗೆ ಕೈ ಹಾಕಿದರು. ಆ ನಾಣ್ಯಗಳ ಹಿಂಬದಿಯಲ್ಲಿ ಚಿಕ್ಕ ಚಿಕ್ಕ ಗುರುತುಗಳಿವೆ. ಹಿಂಬದಿಯ ಗುರುತು ಹೆಚ್ಚಿದಷ್ಟೂ ತೂಕ ಕಡಿಮೆ ಎಂದು ತೋರಿಸಿದರು. ಅಂದರೆ ಆಗಾಗ ಯಾರೋ ನಾಣ್ಯ ಪರೀಕ್ಷಿಸಿ ಗುರುತು ಒತ್ತುತ್ತಿದ್ದರು. ರಾಜನ ಹೆಸರೂ ಇಲ್ಲದ ಕಾಲದಲ್ಲಿ ವರ್ತಕರ ಒಂದು ಕಟ್ಟುನಿಟ್ಟಾದ ವ್ಯವಸ್ಥೆ ಇತ್ತು ಎನ್ನುವುದು ತಕ್ಕಡಿಯಿಂದ ಹೊರಬಂದ ಸುದ್ದಿ. ಯಾವ ಪುರಾಣವೂ ಅದನ್ನು ಹೇಳಿರಲಿಲ್ಲ.

ಗಣಿತದವರು ಭರ್ತೃಹರಿಯ ಕಡೆ ಹೋದದ್ದು ಯಾಕೆ, ಮಾಸ್ತರ್ರೆ?

ನಾಣ್ಯವೇ ಎಳೆದುಕೊಂಡು ಹೋಯಿತು. ನಾಣ್ಯ ಒತ್ತಿಸಿದ ರಾಜರು ಯಾರು ಎಂದು ತಿಳಿಯಲು ಹಳೆಯ ಗ್ರಂಥ ಬೇಕು. ಗ್ರಂಥಕ್ಕೆ ಸಂಸ್ಕೃತ ಬೇಕು. ಸಂಸ್ಕೃತ ಕಲಿಯಲು ಭರ್ತೃಹರಿಯ ಶತಕ ಹಿಡಿದರೆ ಒಂದೊಂದು ಪ್ರತಿಯಲ್ಲಿ ಒಂದೊಂದು ಪಾಠ. ಸರಿ, ದೇಶದ ಉದ್ದಗಲದ ಹಸ್ತಪ್ರತಿಗಳನ್ನು ಕೂಡಿಹಾಕಿ ಹೋಲಿಸಿದರು. ಯಾವ ಪದ್ಯ ಎಲ್ಲ ಕಡೆ ಇದೆ, ಯಾವುದು ಕೆಲವು ಕಡೆ ಮಾತ್ರ ಎಂದು ಎಣಿಸಿದರು. 1948ರಲ್ಲಿ ಬಂದ ಸಂಪಾದನೆಯಲ್ಲಿ 200 ಪದ್ಯಗಳನ್ನು ಗಟ್ಟಿ ಎಂದು ಮೊದಲಿಗೆ ಇಟ್ಟರು, ಅನುಮಾನದವನ್ನು ಬೇರೆ ಮಾಡಿದರು. ನೋಡಿ, ಇಲ್ಲೂ ಎಣಿಕೆಯೇ.

ವಂಶವಾಹಿ ಶಾಸ್ತ್ರದಲ್ಲಿ ಅವರ ಹೆಸರಿನ ಸೂತ್ರ ಇದೆಯಂತೆ. ನನ್ನ ಮಗಳು ಕೃಷಿ ವಿಜ್ಞಾನ ಓದುತ್ತಾಳೆ, ಅವಳ ಪಾಠದಲ್ಲಿ ಬಂತು.

ಹೌದು, 1944ರ ಸೂತ್ರ. ಒಂದೇ ಕ್ರೋಮೋಸೋಮಿನ ಮೇಲೆ ಎರಡು ಜೀನುಗಳು ಎಷ್ಟು ದೂರ ಇವೆ ಎಂದು ನೇರವಾಗಿ ಅಳೆಯಲು ಆಗ ಆಗುತ್ತಿರಲಿಲ್ಲ. ಸಂತಾನದಲ್ಲಿ ಅವು ಎಷ್ಟು ಸಲ ಬೇರೆಯಾದವು ಎಂದು ಎಣಿಸಿ ದೂರ ಊಹಿಸುತ್ತಿದ್ದರು. ತೊಡಕು ಏನೆಂದರೆ, ನಡುವೆ ಎರಡು ಸಲ ಅದಲುಬದಲಾದರೆ ಮತ್ತೆ ಮೊದಲಿನಂತೆಯೇ ಕಾಣುತ್ತದೆ, ಎಣಿಕೆ ತಪ್ಪುತ್ತದೆ. ಬ್ರಿಟಿಷ್ ವಿಜ್ಞಾನಿ ಹಾಲ್ಡೇನ್ 1919ರಲ್ಲಿ ಒಂದು ತಿದ್ದುಪಡಿ ಕೊಟ್ಟಿದ್ದರು. ಒಂದು ಅದಲುಬದಲಿಗೂ ಇನ್ನೊಂದಕ್ಕೂ ಸಂಬಂಧ ಇಲ್ಲ ಎಂದು ಅವರು ಹಿಡಿದಿದ್ದರು. ಆದರೆ ಒಂದು ಕಡೆ ಅದಲುಬದಲಾದರೆ ಅದರ ಪಕ್ಕದಲ್ಲೇ ಇನ್ನೊಂದು ಆಗುವುದು ಕಡಿಮೆ. ಕೊಸಾಂಬಿ ಅದನ್ನು ಲೆಕ್ಕಕ್ಕೆ ತಂದರು. ನೂರಕ್ಕೆ 20 ಸಲ ಬೇರೆಯಾಗಿದ್ದರೆ ಹಾಲ್ಡೇನ್ ಸೂತ್ರದ ಪ್ರಕಾರ ದೂರ 25.5 ಸೆಂಟಿಮಾರ್ಗನ್, ಕೊಸಾಂಬಿ ಸೂತ್ರದ ಪ್ರಕಾರ 21.2. ಬೆಳೆಗಳ ತಳಿ ನಕ್ಷೆ ಮಾಡುವವರು ಇವತ್ತಿಗೂ ಇದನ್ನು ಬಳಸುತ್ತಾರೆ.

ಇನ್ನೊಂದು ಪ್ರಮೇಯ ಕಾರ್ಹುನೆನ್ ಮತ್ತು ಲೋಎವ್ ಹೆಸರಲ್ಲಿದೆ, ಅದು ಮೊದಲು ಕೊಸಾಂಬಿಯದಂತೆ?

1943ರಲ್ಲಿ ಭಾರತೀಯ ಗಣಿತ ಸಂಘದ ಪತ್ರಿಕೆಯಲ್ಲಿ ಕೊಸಾಂಬಿ ಅದನ್ನು ಬರೆದರು. ಯುರೋಪಿನ ಇಬ್ಬರು ಕೆಲವು ವರ್ಷದ ನಂತರ ಬೇರೆಯಾಗಿ ಅಲ್ಲಿಗೇ ಬಂದರು. ಈಗ ಎಷ್ಟೋ ಜನ ಮೂರೂ ಹೆಸರು ಸೇರಿಸುತ್ತಾರೆ.

ಸಾರಾಂಶ ಹೀಗಿದೆ. ಮಾಟುಂಗದ ಒಂದು ಉಡುಪಿ ಹೋಟೆಲಿನ ದಿನದ ಗಲ್ಲಾ ತೆಗೆದುಕೊಳ್ಳಿ. ಬೆಳಿಗ್ಗೆ ಇಡ್ಲಿ ಹೊತ್ತಿಗೆ ಏರು, ಹನ್ನೊಂದಕ್ಕೆ ಇಳಿ, ಊಟಕ್ಕೆ ಮತ್ತೆ ಏರು. ಪ್ರತಿ ದಿನ ಒಂದು ಗೆರೆ ಎಳೆದರೆ ವರ್ಷಕ್ಕೆ 365 ಅಂಕುಡೊಂಕು ಗೆರೆ. ಎಲ್ಲವೂ ಬೇರೆ ಬೇರೆ ಕಾಣುತ್ತವೆ. ಆದರೆ ಕೆಲವೇ ಮೂಲ ಆಕಾರಗಳನ್ನು ಹೆಚ್ಚುಕಡಿಮೆ ಬೆರೆಸಿದರೆ ಅಷ್ಟೂ ಗೆರೆಗಳನ್ನು ಬಹುಪಾಲು ಮರಳಿ ಪಡೆಯಬಹುದು. ಆ ಆಕಾರಗಳನ್ನು ಹುಡುಕುವ ಅತಿ ಮಿತವ್ಯಯದ ದಾರಿ ಯಾವುದು ಎಂದು ಪ್ರಮೇಯ ಹೇಳುತ್ತದೆ. ಚಿತ್ರ, ಧ್ವನಿ, ಹವಾಮಾನ, ಎಲ್ಲ ಕಡೆ ಇದರ ಬಳಕೆ ಇದೆ.

## ಕಾಲ್ನಡಿಗೆಯ ಸಮಾಜಶಾಸ್ತ್ರ

ಅಷ್ಟು ಲೆಕ್ಕ ಗೊತ್ತಿದ್ದವರು ಗುಡ್ಡ ಯಾಕೆ ಸುತ್ತಿದರು?

ಕೋಶ ಓದು, ದೇಶ ಸುತ್ತು ಅಂತ ನಮ್ಮಲ್ಲಿ ಹೇಳುತ್ತಾರೆ. ಎರಡನ್ನೂ ಪೂರ್ತಿ ಮಾಡಿದವರು ಕಡಿಮೆ. ಗ್ರಂಥ ಬರೆದವರು ಓದು ಬಲ್ಲ ಮೇಲಿನವರು. ಕುರಿ ಕಾಯುವವರ, ಹೊಲ ಉಳುವವರ ಮಾತು ಗ್ರಂಥದಲ್ಲಿ ಇರುವುದಿಲ್ಲ. ಅದು ಇರುವುದು ನೆಲದಲ್ಲಿ, ಊರ ದೇವತೆಯಲ್ಲಿ, ಅವರು ನಡೆಯುವ ದಾರಿಯಲ್ಲಿ. ಆದ್ದರಿಂದ ಕೊಸಾಂಬಿ ಕಬ್ಬಿಣದ ತುದಿಯ ಕೋಲು ಹಿಡಿದು ಪುಣೆಯ ಸುತ್ತ ಅಲೆದರು. ಉಗುರಿನಷ್ಟು ಚಿಕ್ಕ ಕಲ್ಲಿನ ಚೂರುಗಳನ್ನು ಆರಿಸಿದರು. ಸಾವಿರಾರು ವರ್ಷ ಹಿಂದಿನವರ ಉಪಕರಣ ಅವು.

ಧನಗರರು ಮಳೆ ನೋಡಿ ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಅಲೆಯುತ್ತಾರೆ. ಪಂಢರಪುರಕ್ಕೆ ಪಾಲಖಿ ಹೋಗುತ್ತದೆ. ಇವುಗಳ ದಾರಿ, ದೇವಿಯರ ಗುಡಿ, ಕಲ್ಲಿನ ಚೂರು ಸಿಗುವ ಜಾಗ, ಮೂರನ್ನೂ ಒಂದೇ ನಕ್ಷೆಯ ಮೇಲೆ ಇಟ್ಟು ನೋಡಿದರು. ಎಷ್ಟೋ ಕಡೆ ಒಂದರ ಮೇಲೊಂದು ಕೂತವು. ಯಾತ್ರೆ ಶುರುವಾಗುವ ಬಹಳ ಮೊದಲೇ ಆ ದಾರಿಗಳು ಇದ್ದವು ಎನ್ನುವುದು ಅವರ ವಾದ. ನನಗೆ ಅದು ಬಲವಾದ ವಾದ ಅನಿಸುತ್ತದೆ.

ನಮ್ಮ ಮೈಲಾರಲಿಂಗನಿಗೂ ಜೇಜುರಿ ಖಂಡೋಬನಿಗೂ ಇದು ಹೊಂದುತ್ತಾ?

ಕಾಕೂ ಒಬ್ಬರು ಜೇಜುರಿಯ ಮೆಟ್ಟಿಲ ಮೇಲೆ ಕೇಳಿದ ಪ್ರಶ್ನೆ. ಅಲ್ಲಿ ಭಂಡಾರ ಎರಚಿ ಜನ ಕೂಗುವುದು 'ಯೇಳ್ಕೋಟ್ ಯೇಳ್ಕೋಟ್' ಎಂದು. ಅದು ನಮ್ಮ 'ಏಳು ಕೋಟಿ'. ಮರಾಠಿ ಮಾತಾಡುವ ಭಕ್ತನ ಬಾಯಲ್ಲಿ ಕನ್ನಡದ ಎಣಿಕೆ! ಪುಣೆಯಲ್ಲಿ ನೆಲೆಸಿದ ಕನ್ನಡಿಗನಿಗೆ ಅದನ್ನು ಕೇಳಿದಾಗ ಎದೆ ತುಂಬುತ್ತದೆ.

ದೇವರ ಮದುವೆಯನ್ನು ಕೊಸಾಂಬಿ ಓದುವ ರೀತಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಎರಡು ಗುಂಪಿನ ಜನ ಒಂದಾದಾಗ ಅವರ ದೇವರುಗಳಿಗೂ ನಂಟು ಕೂಡಿಸುತ್ತಾರೆ ಎಂದು ಅವರು ಹೇಳುತ್ತಾರೆ. ಖಂಡೋಬನಿಗೆ ಮ್ಹಾಳಸೆ ಒಬ್ಬಳು ಹೆಂಡತಿ, ಧನಗರರ ಬಾಣಾಯಿ ಇನ್ನೊಬ್ಬಳು. ನಮ್ಮ ಮೈಲಾರನಿಗೆ ಗಂಗಿಮಾಳವ್ವ ಇದ್ದಾಳೆ, ಕುರುಬತೆವ್ವ ಇದ್ದಾಳೆ. ಕುರಿಗಾಹಿಗಳ ಮನೆಮಗಳು ಎರಡೂ ಕಡೆ ಇದ್ದಾಳೆ. ಈ ಜೋಡಣೆ ನಾನು ಮಾಡಿದ್ದು. ಆದರೆ ಮಾಡಲು ಕಲಿಸಿದ್ದು ಅವರ ಬರಹ.

ಗೋವಾದ ಗಾಂವಕಾರಿ ಬಗ್ಗೆ ಏನು ಬರೆದಿದ್ದಾರೆ? ನಮ್ಮ ಮನೆತನದ ಹೆಸರೂ ಗಾಂವಕರ್.

ಪೋರ್ಚುಗೀಸರು ಮೊದಲು ಹಿಡಿದ ತಿಸ್ವಾಡಿ, ಸಾಸಷ್ಟಿ, ಬಾರ್ದೇಶ್ ತಾಲ್ಲೂಕುಗಳ ಊರ ಸಮುದಾಯಗಳ ಮೇಲೆ ಅವರ ಒಂದು ಪ್ರಬಂಧ ಇದೆ. ಅಲ್ಲಿ ಗದ್ದೆ ಇಡೀ ಊರಿನದು. ಉಳುವ ಹಕ್ಕನ್ನು ಹರಾಜು ಹಾಕಿ, ಖರ್ಚು ಕಳೆದು, ಉಳಿದದ್ದನ್ನು ಗಾಂವಕಾರರು, ಅಂದರೆ ಊರಿನ ಮೂಲ ಮನೆತನದವರು, ಹಂಚಿಕೊಳ್ಳುತ್ತಿದ್ದರು. ಪರಶುರಾಮ ಭೂಮಿ ಕೊಟ್ಟ ಎಂದು ಸ್ಕಾಂದ ಪುರಾಣದ ಸಹ್ಯಾದ್ರಿ ಖಂಡ ಹೇಳುತ್ತದೆ. ಕೊಸಾಂಬಿ ಪುರಾಣವನ್ನು ಒಂದು ಕಡೆ, ಊರಿನ ಕಟ್ಟಳೆಯನ್ನು ಇನ್ನೊಂದು ಕಡೆ ಇಟ್ಟು ಹೋಲಿಸಿದರು. ತಮ್ಮದೇ ಹುಟ್ಟುನೆಲದ ಬಗ್ಗೆ ಬರೆಯುವಾಗಲೂ ಮನೆಯ ನಂಬಿಕೆಗೆ ರಿಯಾಯಿತಿ ಕೊಡಲಿಲ್ಲ.

## ಗಟ್ಟಿ ಪ್ರಶ್ನೆಗಳು

ಅವರು ಮಾರ್ಕ್ಸ್‌ವಾದಿ. ಹಾಗಿದ್ದರೆ ಉತ್ತರ ಮೊದಲೇ ಇಟ್ಟುಕೊಂಡು ಲೆಕ್ಕ ಮಾಡಿದರು ಅನ್ನಬಹುದಲ್ಲ?

ಮಾರ್ಕ್ಸ್‌ವಾದಿ ಹೌದು, ಅದನ್ನು ಅವರು ಮುಚ್ಚಿಟ್ಟಿಲ್ಲ. ಆದರೆ ಭಾರತದ ಹಳ್ಳಿ ಬದಲಾಗದೆ ಹಾಗೇ ಇತ್ತು ಎಂಬ ಮಾರ್ಕ್ಸ್‌ನ ಮಾತನ್ನು ಅವರು ಒಪ್ಪಲಿಲ್ಲ. ಗ್ರೀಸ್, ರೋಮ್‌ನಂತೆ ಇಲ್ಲೂ ಗುಲಾಮಗಿರಿಯ ಘಟ್ಟವೊಂದು ಇತ್ತು ಎನ್ನುವುದನ್ನೂ ಒಪ್ಪಲಿಲ್ಲ. ಇಲ್ಲಿಯ ಊಳಿಗಮಾನ್ಯ ಪದ್ಧತಿ ಮೊದಲು ಮೇಲಿನಿಂದ, ರಾಜನ ಕೊಡುಗೆಯಿಂದ ಬಂತು. ಆಮೇಲೆ ಕೆಳಗಿನಿಂದ, ಊರೊಳಗೇ ಬಲಿತ ಭೂಮಾಲೀಕರಿಂದ ಬೆಳೆಯಿತು ಎಂದು ಭಾರತದ ಇತಿಹಾಸದ ಮೇಲಿನ ತಮ್ಮ 1956ರ ಗ್ರಂಥದಲ್ಲಿ ಹೊಸದಾಗಿ ವಾದಿಸಿದರು. ಕಮ್ಯುನಿಸ್ಟ್ ಪಕ್ಷದವರಿಗೂ ಅವರಿಗೂ ಜಗಳ ಇದ್ದೇ ಇತ್ತು. ಆ ಗ್ರಂಥದಲ್ಲಿ ಸೂತ್ರಗಳು ಕಡಿಮೆ. ಅಂಕಿ ಸಿಗದ ಕಡೆ ಸುಳ್ಳು ಅಂಕಿ ತುರುಕಲಿಲ್ಲ. ಅದು ನನಗೆ ದೊಡ್ಡ ಗುಣವಾಗಿ ಕಾಣುತ್ತದೆ.

ನಾಣ್ಯದ ವಿಧಾನದಲ್ಲಿ ತಪ್ಪೇ ಇಲ್ಲವಾ?

ಇದೆ. ಮಣ್ಣಲ್ಲಿ ಹೂತ ಬೆಳ್ಳಿ ತುಕ್ಕು ಹಿಡಿಯುತ್ತದೆ, ತೊಳೆಯುವಾಗ ತೂಕ ಹೋಗುತ್ತದೆ. ಆದ್ದರಿಂದ ಬೇರೆ ಬೇರೆ ನಿಧಿಗಳನ್ನು ಬೆರೆಸುವಂತಿಲ್ಲ. ಒಂದೇ ನಿಧಿಯೊಳಗೆ ಹೋಲಿಸಬೇಕು. ಟಂಕಸಾಲೆಯ ತೂಕವೇ ಬದಲಾಗಿದ್ದರೆ ಲೆಕ್ಕ ಏರುಪೇರಾಗುತ್ತದೆ. ಇಂಥಿಂಥ ಮುದ್ರೆ ಇಂಥ ರಾಜನದು ಎಂದು ಅವರು ಗುರುತಿಸಿದ್ದನ್ನು ಮುಂದಿನ ನಾಣ್ಯತಜ್ಞರು ಎಲ್ಲರೂ ಒಪ್ಪಿಲ್ಲ. ಸವೆತದಿಂದ ಹಿಂದುಮುಂದಿನ ಕ್ರಮ ಸಿಗುತ್ತದೆ, ಹೆಸರು ಸಿಗುವುದಿಲ್ಲ. ಹೆಸರಿನ ವಿಷಯದಲ್ಲಿ ಅವರು ತಕ್ಕಡಿ ಹೇಳಿದ್ದಕ್ಕಿಂತ ಮುಂದೆ ಹೋದರು ಎಂದೇ ನನ್ನ ಅಭಿಪ್ರಾಯ.

ಟಾಟಾ ಸಂಸ್ಥೆ ಬಿಡಬೇಕಾಗಿ ಬಂದದ್ದು ಯಾಕೆ?

1962ರಲ್ಲಿ ಅವರ ಕರಾರು ಮುಂದುವರಿಯಲಿಲ್ಲ. 1959ರಲ್ಲಿ ಕೃಷಿ ಸಂಖ್ಯಾಶಾಸ್ತ್ರದ ಪತ್ರಿಕೆಯೊಂದರಲ್ಲಿ ಅವಿಭಾಜ್ಯ ಸಂಖ್ಯೆಗಳ ಹಂಚಿಕೆಯ ಬಗ್ಗೆ ಇರುವ, ಯಾರೂ ಬಿಡಿಸಲಾಗದ ರೀಮಾನ್ ಊಹೆಗೆ ಸಂಭವನೀಯತೆಯ ದಾರಿಯಿಂದ ಪುರಾವೆ ಕೊಟ್ಟಿದ್ದೇನೆ ಎಂದು ಬರೆದರು. ಗಣಿತಜ್ಞರು ಅದನ್ನು ಒಪ್ಪಲಿಲ್ಲ, ಅವರ ಹೆಸರಿಗೆ ಪೆಟ್ಟು ಬಿತ್ತು. ಅಣುಶಕ್ತಿಯ ಬಗ್ಗೆಯೂ ಭಿನ್ನಾಭಿಪ್ರಾಯ ಇತ್ತು. ನಮ್ಮದು ಬಿಸಿಲಿನ ದೇಶ, ದುಬಾರಿ ಅಣುಸ್ಥಾವರಕ್ಕಿಂತ ಸೂರ್ಯನ ಶಕ್ತಿಯ ಮೇಲೆ ಕೆಲಸ ಮಾಡಿ ಎಂದು 1960ರಲ್ಲೇ ಪುಣೆಯ ಭಾಷಣದಲ್ಲಿ ಹೇಳಿದ್ದರು. ಅಣುಶಕ್ತಿ ಕಾರ್ಯಕ್ರಮದ ಮುಂದಾಳು ಭಾಭಾ ಅವರೇ ಆ ಸಂಸ್ಥೆಯ ಮುಖ್ಯಸ್ಥರು. ರೀಮಾನ್ ವಿಷಯದಲ್ಲಿ ಕೊಸಾಂಬಿ ಎಡವಿದರು, ಅದನ್ನು ಮುಚ್ಚಿಡುವುದು ಅವರಿಗೆ ಗೌರವ ಅಲ್ಲ. ಸೂರ್ಯನ ವಿಷಯದಲ್ಲಿ ಅವರ ಕಣ್ಣು ದೂರ ನೋಡಿತ್ತು.

ನಾವೇ ಏನಾದರೂ ಮಾಡಿ ನೋಡಬಹುದಾ? ಮಕ್ಕಳಿಗೆ ರಜಾ ಇದೆ.

ಎರಡು ಕೆಲಸ ಹೇಳುತ್ತೇನೆ.

ಮೊದಲನೆಯದು ಪುಣೆಯ ವೇತಾಳ ಟೇಕಡಿ ಎಂಬ ಗುಡ್ಡದ ಕಡೆ ನಡಿಗೆ. ಬಿಳಿ, ಜೇನುಬಣ್ಣದ, ಗಾಜಿನಂತೆ ಒಡೆದ ಕಲ್ಲಿನ ಚೂರು ಕಂಡರೆ ಕೂತು ನೋಡಿ, ಫೋಟೋ ತೆಗೆಯಿರಿ, ಎತ್ತಿಕೊಂಡು ಬರಬೇಡಿ. ಇದ್ದ ಜಾಗ ತಪ್ಪಿದರೆ ಅದು ಸುಮ್ನೆ ಒಂದು ಕಲ್ಲು.

ಎರಡನೆಯದು ನಾಣ್ಯ. ಒಂದು ರೂಪಾಯಿಯ ಹಳೆಯ ಉಕ್ಕಿನ ನಾಣ್ಯಗಳನ್ನು ಕೂಡಿಸಿ. ಪರಿಚಯದ ಹೋಟೆಲಿನವರನ್ನು ಕೇಳಿದರೆ ಕೊಡುತ್ತಾರೆ. ಇಸವಿವಾರು ಬೇರೆ ಮಾಡಿ. ಅಕ್ಕಸಾಲಿಗರ ಹತ್ತಿರ ಮಿಲಿಗ್ರಾಂ ತೋರಿಸುವ ತಕ್ಕಡಿ ಇರುತ್ತದೆ, ವಿನಂತಿ ಮಾಡಿಕೊಳ್ಳಿ. ಅಡಿಗೆಮನೆಯ ತಕ್ಕಡಿ ಸಾಲದು. ಒಂದೊಂದನ್ನೂ ತೂಗಿ, ಇಸವಿಗೆ ಒಂದು ಸರಾಸರಿ ತೆಗೆಯಿರಿ. ಒಂದು ಎಚ್ಚರಿಕೆ: 1990ರ ದಶಕದ ನಾಣ್ಯ ಟಂಕಿಸುವಾಗಲೇ 4.85 ಗ್ರಾಂ, 2011ರಿಂದ ಬಂದದ್ದು 3.79 ಗ್ರಾಂ. ಮೊದಲ ಸಲ ನಾನು ಎರಡನ್ನೂ ಬೆರೆಸಿಬಿಟ್ಟಿದ್ದೆ, ಹಳೆಯದೇ ಭಾರ ಬಂತು. ಒಂದೇ ಮಾದರಿಯವನ್ನು ಮಾತ್ರ ಹೋಲಿಸಿ. ಉಕ್ಕು ಬೆಳ್ಳಿಯಷ್ಟು ಬೇಗ ಸವೆಯುವುದಿಲ್ಲ, ಆದ್ದರಿಂದ ಇಸವಿಗೆ ಐದಾರು ನಾಣ್ಯ ಸಾಕಾಗುವುದಿಲ್ಲ, ನೂರರ ಹತ್ತಿರ ಬೇಕು. ತೂಗಿದ್ದನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಬರೆದು ಇಟ್ಟು, ಮುಂದಿನ ಭಾನುವಾರ ಗುಡ್ಡಕ್ಕೆ ಬರುವಾಗ ತನ್ನಿ.